ಮೂರು ನಿಮಿಷದ ಪ್ಲೇಟಿನಿಂದ ಮೂವತ್ತು ಸೆಕೆಂಡಿನ ಲೆಕ್ಕಕ್ಕೆ

ಒಂದು ಹಾಡು ಎಷ್ಟು ಹೊತ್ತು ಇರಬೇಕು? ಯಾವ ಸಂಗೀತಶಾಸ್ತ್ರವೂ ಇದಕ್ಕೆ ಗಡಿಯಾರ ಹಿಡಿದು ಉತ್ತರ ಕೊಟ್ಟಿಲ್ಲ. ಭಜನೆ ಮೇಳದವರು ಒಂದೇ ತತ್ವಪದವನ್ನು ಮನಸ್ಸು ತುಂಬುವ ತನಕ ತಿರುಗಿಸಿ ತಿರುಗಿಸಿ ಹಾಡುತ್ತಾರೆ. ಯಕ್ಷಗಾನದ ಭಾಗವತರ ಪದ ವೇಷಧಾರಿಯ ಕುಣಿತಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಖ್ಯಾಲ್ ಗಾಯಕರಿಗೆ ಒಂದು ರಾಗ ಬೆಳೆಸಲು ಒಂದು ಗಂಟೆಯೂ ಸಾಲದು. ಆದರೂ ಹಾಡು ಎಂದ ಕೂಡಲೇ ಇವತ್ತು ನಮ್ಮ ತಲೆಗೆ ಬರುವುದು ಮೂರರಿಂದ ಐದು ನಿಮಿಷದ ಒಂದು ತುಣುಕು. ಈ ಅಳತೆಯನ್ನು ಗೊತ್ತುಮಾಡಿದ್ದು ವಾಗ್ಗೇಯಕಾರರಲ್ಲ, ರೆಕಾರ್ಡು ಮಾರುವ ಕಂಪನಿಗಳು. ಯಾರ ಹಾಡು ನಮ್ಮ ಕಿವಿಗೆ ಬೀಳಬೇಕು ಎಂಬುದನ್ನೂ ಬಹುಪಾಲು ಅವೇ ತೀರ್ಮಾನಿಸುತ್ತ ಬಂದಿವೆ.

1902ರ ನವೆಂಬರಿನಲ್ಲಿ ಗ್ರಾಮೊಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಲಂಡನ್ನಿನಿಂದ ಕೋಲ್ಕತ್ತಕ್ಕೆ ಬಂದು ಮೇಣದ ತಟ್ಟೆಗಳ ಮೇಲೆ ಹಾಡು ಹಿಡಿಯಲು ಕೂತ. ಆ ನಗರದಲ್ಲಿ ದೊಡ್ಡ ಹೆಸರು ಮಾಡಿದ್ದ ಗೌಹರ್ ಜಾನ್ ಅವನ ಯಂತ್ರದ ಮುಂದೆ ಹಾಡಿದರು. ಆಗ ಮೈಕ್ ಇರಲಿಲ್ಲ. ವಿದ್ಯುತ್ತಿನಿಂದ ಧ್ವನಿ ಹಿಡಿಯುವ ಪದ್ಧತಿ ಬಂದದ್ದು 1925ರಲ್ಲಿ. ಅಲ್ಲಿಯವರೆಗೆ ಗಾಯಕರು ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವಿಟ್ಟು, ಅಲುಗಾಡದೆ, ಗಂಟಲೆತ್ತಿ ಹಾಡಬೇಕಿತ್ತು. ಮೆಲ್ಲಗೆ ಹಾಡಿದರೆ ಮೇಣದ ಮೇಲೆ ಗೀರು ಬೀಳುತ್ತಿರಲಿಲ್ಲ. ಮಂದ್ರದ ಸ್ವರಗಳು ಸರಿಯಾಗಿ ದಾಖಲಾಗುತ್ತಿರಲಿಲ್ಲ. ಏರುದನಿಯ ಗಟ್ಟಿ ಕಂಠಗಳಿಗೆ ಈ ಯಂತ್ರ ಒಲಿಯುತ್ತಿತ್ತು. ಪಿಸುಮಾತಿನಂಥ ಆಲಾಪವೇ ಬಲವಾಗಿದ್ದ ಗಾಯಕರು ಮೊದಲ ಸುತ್ತಿನಲ್ಲೇ ಹೊರಗುಳಿದರು. ನಾನು ಇದನ್ನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ, ಏಕೆಂದರೆ ಹಾಗೆ ಹೊರಗುಳಿದವರ ದನಿ ನಮ್ಮ ಪಾಲಿಗೆ ಶಾಶ್ವತವಾಗಿ ಇಲ್ಲ.

ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚುಕಡಿಮೆ ಮೂರು ನಿಮಿಷ. ಗೌಹರ್ ಜಾನ್ ಆ ಮೂರು ನಿಮಿಷದೊಳಗೆ ರಾಗದ ಮುಖ ತೋರಿಸಿ, ಚೀಜ್ ಹಾಡಿ, ನಾಲ್ಕು ತಾನ ಎಸೆದು, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿ ಮುಗಿಸುತ್ತಿದ್ದರು. ಮೇಣದ ತಟ್ಟೆಗಳು ಹಡಗೇರಿ ಜರ್ಮನಿಯ ಹಾನೋವರ್‌ಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಿ ಸರಿಯಾದ ಲೇಬಲ್ ಅಂಟಿಸಲಿ ಎಂಬುದಕ್ಕೆ ಹೆಸರು ಕೂಗುವ ಈ ಏರ್ಪಾಡು. ಪ್ಲೇಟು ಮಾಡುವ ಅರಗು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. 1908ರಲ್ಲಿ ಕೋಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ಹಾನೋವರ್‌ವರೆಗಿನ ಓಡಾಟ ತಪ್ಪಿತು.

ಮೂರು ನಿಮಿಷದಲ್ಲಿ ಖ್ಯಾಲ್ ಹಾಡುವುದೆಂದರೆ ಮೊದಲು ಕತ್ತರಿ ಬೀಳುವುದು ನಿಧಾನಗತಿಯ ವಿಲಂಬಿತಕ್ಕೆ. ಗಾಯಕರು ನೇರವಾಗಿ ವೇಗದ ದ್ರುತಕ್ಕೆ ಇಳಿದರು. ಠುಮ್ರಿ, ದಾದ್ರಾ, ನಾಟ್ಯಗೀತೆಗಳು ಪ್ಲೇಟಿಗೆ ಚೆನ್ನಾಗಿ ಒಗ್ಗಿದವು, ಆದ್ದರಿಂದ ಕಂಪನಿಯವರು ಅವನ್ನೇ ಹೆಚ್ಚು ಕೇಳಿದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಎಚ್‌ಎಂವಿ ರೆಕಾರ್ಡುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಮರಾಠಿ ಭಾವಗೀತೆಗಳೂ ಇದ್ದವು, ಜನಪ್ರಿಯವೂ ಆದವು. ಆ ದಾರಿಯಲ್ಲೇ ಮುಂದುವರಿದಿದ್ದರೆ ಕಂಪನಿಗೆ ಸಂತೋಷವಾಗುತ್ತಿತ್ತು. ಆದರೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಗುರು ಸವಾಯಿ ಗಂಧರ್ವರ ಮುಂದೆ ಕೂತರು, ಮುಂದೆ ಲಘು ಸಂಗೀತ ಬಿಟ್ಟು ಖ್ಯಾಲನ್ನೇ ಹಿಡಿದರು. ಆ ಗಂಭೀರ ಗಾಯನ ಪ್ಲೇಟಿನ ಮಗ್ಗುಲಲ್ಲಿ ಹುಟ್ಟುವಂಥದ್ದಲ್ಲ.

ಹಾಗೆಂದು ಪ್ಲೇಟನ್ನು ಬೈದು ಸುಮ್ಮನಾಗುವಂತಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿದ್ದು ಯಾವ ದರ್ಬಾರಿನಲ್ಲೂ ಅಲ್ಲ, ಊರಿನಲ್ಲಿ ತಿರುಗುತ್ತಿದ್ದ ಒಂದು ರೆಕಾರ್ಡಿನಲ್ಲಿ. ಮೂರು ನಿಮಿಷದ ಆ ದನಿ ಹುಡುಗನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿ ಉತ್ತರಕ್ಕೆ ರೈಲು ಹತ್ತಿದರು. ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ಅಲೆದರು. ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿ ಕಳಿಸಿದರು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ರೆಕಾರ್ಡು ಹುಡುಗನ ಆಸೆಗೆ ಕಿಡಿ ಹಚ್ಚಿತು, ಕುಂದಗೋಳದ ಮನೆ ಅವರನ್ನು ಗಾಯಕರನ್ನಾಗಿ ಮಾಡಿತು. ಉದ್ಯಮ ತನ್ನ ಒಳ್ಳೆಯ ದಿನಗಳಲ್ಲಿ ಮಾಡಬಲ್ಲ ದೊಡ್ಡ ಉಪಕಾರ ಇಷ್ಟೇ, ಇದು ಸಣ್ಣದೂ ಅಲ್ಲ.

ಗೌಹರ್ ಜಾನ್ ಕಥೆಯ ಕೊನೆ ನಮ್ಮ ಮೈಸೂರಿನಲ್ಲಿ. ದೇಶದ ಮೊದಲ ರೆಕಾರ್ಡು ತಾರೆಗೆ ಇಳಿವಯಸ್ಸಿನಲ್ಲಿ ಆಸರೆ ಕೊಟ್ಟದ್ದು ಅವರ ದನಿ ಮಾರಿದ ಕಂಪನಿಯಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆ. 1928ರಲ್ಲಿ ಆಸ್ಥಾನ ಗಾಯಕಿಯಾದ ಅವರು 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಮುಂದೆ ಸಿನಿಮಾ ಬಂತು, ಮೂರು ನಿಮಿಷದ ಅಳತೆಯನ್ನು ಹಾಗೆಯೇ ಎತ್ತಿಕೊಂಡಿತು. ತೆರೆಯ ಮೇಲೆ ಇರುವ ಒಂದು ಚರಣ ಎಷ್ಟೋ ಸಲ ರೆಕಾರ್ಡಿನಲ್ಲಿ ಇರುತ್ತಿರಲಿಲ್ಲ, ಜಾಗವಿಲ್ಲವೆಂದು ಬಿಟ್ಟಿರುತ್ತಿದ್ದರು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿ ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಬಾಗಿಲು ಹಾಕಿದಾಗ ಕೇಳುಗರು ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಆ ಪೆಟ್ಟಿನಿಂದ. ಕೇಸ್ಕರರ ಹಟ ತಪ್ಪೇ. ಆದರೂ ಆಕಾಶವಾಣಿಯ ಒಂದು ಗುಣವನ್ನು ಒಪ್ಪಲೇಬೇಕು: ಅಲ್ಲಿ ಆಡಿಷನ್ ಎಂಬುದಿತ್ತು, ಗಾಯಕರ ದನಿಯನ್ನು ಕೂತು ಕೇಳಿ ಶ್ರೇಣಿ ಕೊಡುವ ಮನುಷ್ಯರಿದ್ದರು. ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನ್ಸೂರರು. ಬಾಗಿಲಲ್ಲಿ ಅಂಥ ಕಿವಿ ಕೂತಿದ್ದರೆ ಒಳಗೆ ಬರುವ ಸಂಗೀತದ ಗುಣವೇ ಬೇರೆ.

ಕನ್ನಡದ ಮಟ್ಟಿಗೆ ದೊಡ್ಡ ತಿರುವು ಧ್ವನಿಸುರುಳಿಯದು. ಪ್ಲೇಟು ಅಚ್ಚು ಹಾಕಲು ಕಾರ್ಖಾನೆ ಬೇಕು, ಸಾವಿರಾರು ಪ್ರತಿ ಹೋಗಬೇಕು. ಕ್ಯಾಸೆಟ್ಟಿಗೆ ಒಂದು ಕೋಣೆ, ನಕಲು ಮಾಡುವ ಯಂತ್ರ, ಧೈರ್ಯವಿರುವ ಒಬ್ಬ ಮಾಲೀಕ ಸಾಕು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಒಂದೊಂದು ಮಗ್ಗುಲಿಗೆ ಅರ್ಧ ಗಂಟೆಯಂತೆ ಒಂದು ಗಂಟೆ ಸಿಕ್ಕಿತು. ಒಂದು ಗಂಟೆಯೆಂದರೆ ಎಂಟು ಹತ್ತು ಕವಿತೆ, ಅಂದರೆ ಒಬ್ಬ ಕವಿಯ ಒಂದು ಸಂಕಲನ. ಕವಿಯ ಹೆಸರು ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿ ಬಂದದ್ದು ಹೀಗೆ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲೇ ಅಚ್ಚಾಗಿತ್ತು. ಸಿ. ಅಶ್ವತ್ಥ್ ಸಂಯೋಜನೆಯ ಕ್ಯಾಸೆಟ್ಟು ಅದನ್ನು ಪುಸ್ತಕವೇ ಕಾಲಿಡದ ಮನೆಗಳಿಗೆ ಕೊಂಡೊಯ್ದಿತು.

ಶಿಶುನಾಳ ಶರೀಫರ ಪದಗಳ ಕಥೆ ಇನ್ನೂ ಕುತೂಹಲದ್ದು. ಹಾವೇರಿ, ಧಾರವಾಡ ಸೀಮೆಯ ಭಜನೆ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳದೊಂದಿಗೆ ಒಂದೊಂದು ಊರಲ್ಲಿ ಒಂದೊಂದು ಧಾಟಿಯಲ್ಲಿ ಇದ್ದ ಪದಗಳು ಅವು. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣನಂಥವರ ಕಂಠದಲ್ಲಿ ಕ್ಯಾಸೆಟ್ಟಾದ ಮೇಲೆ ನಾಡಿನ ಎಲ್ಲ ಕಡೆ ಹೋದವು. ಬೆಂಗಳೂರಿನ ಮಕ್ಕಳೂ ಹಾಡಿದರು, ಶರೀಫರ ಹೆಸರು ಮನೆಮಾತಾಯಿತು. ಜೊತೆಗೆ ಒಂದು ಧಾಟಿ ಗಟ್ಟಿಯಾಗಿ, ಉಳಿದವು ಹಿಂದೆ ಸರಿದವು. ಶಾಲೆಯ ಸ್ಪರ್ಧೆಯಲ್ಲಿ ಮಗು ಬೇರೆ ಧಾಟಿಯಲ್ಲಿ ಹಾಡಿದರೆ ತಪ್ಪು ಹಾಡಿತು ಎಂದುಕೊಳ್ಳುವವರಿದ್ದಾರೆ. ಗಳಿಕೆ ಮತ್ತು ನಷ್ಟ ಒಂದೇ ಸುರುಳಿಯಲ್ಲಿ ಬಂದವು. ನನ್ನನ್ನು ಕೇಳಿದರೆ ಗಳಿಕೆಯೇ ಹೆಚ್ಚು. ಆದರೆ ಮೇಳದ ಹಿರಿಯರಿಂದ ಹಳೆಯ ಧಾಟಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಯಾವ ಕ್ಯಾಸೆಟ್ ಕಂಪನಿಯೂ ತನ್ನದೆಂದುಕೊಳ್ಳಲಿಲ್ಲ.

ಕರಾವಳಿಯಲ್ಲಿ ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ಹೋದರು. ಅವರ ಭಾಗವತಿಕೆ ಮುಂದಿನ ತಲೆಮಾರಿಗೆ ದಾಟಿದ್ದರಲ್ಲಿ ಕ್ಯಾಸೆಟ್ಟುಗಳ ಪಾಲು ದೊಡ್ಡದು. ಮೇಳದ ಆಟ ನೋಡಲು ಆಗದ ಹುಡುಗರು ಟೇಪ್ ರೆಕಾರ್ಡರ್ ಮುಂದೆ ಕೂತು ನಾವಡರ ಪದ ಗಂಟಲಿಗೆ ತಂದುಕೊಂಡರು. ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಹರಿಕಥೆ, ತಾಳಮದ್ದಳೆ, ಸೋಬಾನೆ ಪದ ಎಲ್ಲಕ್ಕೂ ಕ್ಯಾಸೆಟ್ಟಿನಲ್ಲಿ ಜಾಗವಿತ್ತು. ಹೂಡಿಕೆ ಸಣ್ಣದಾದ್ದರಿಂದ ಸಣ್ಣ ಕೇಳುಗ ಬಳಗವೂ ಕಂಪನಿಗೆ ಲೆಕ್ಕಕ್ಕೆ ಸಿಗುತ್ತಿತ್ತು. ಕಳ್ಳ ನಕಲು, ಕಳಪೆ ಟೇಪು, ಎಲ್ಲ ಗೀತೆಗೂ ಒಂದೇ ಬಗೆಯ ಕೊಳಲಿನ ಪೀಠಿಕೆ ಇವೂ ಆ ಕಾಲದ್ದೇ. ಆದರೂ ಕನ್ನಡದ ನಾನಾ ದನಿಗಳು ಅಷ್ಟೊಂದು ಸಂಖ್ಯೆಯಲ್ಲಿ ಅಂಗಡಿಯ ಕಪಾಟಿಗೆ ಬಂದ ಕಾಲ ಅದಕ್ಕೆ ಮೊದಲು ಇರಲಿಲ್ಲ.

ಈಗ ಅಂಗಡಿ ಮೊಬೈಲಿನೊಳಗಿದೆ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂತು. ಅಲ್ಲಿ ಒಂದು ಹಾಡು ಕೇಳಲಾಯಿತು ಎಂದು ಲೆಕ್ಕಕ್ಕೆ ಬರಬೇಕಾದರೆ ಮೂವತ್ತು ಸೆಕೆಂಡು ಓಡಬೇಕು. ಕೇಳುಗ ಇಪ್ಪತ್ತೈದನೆಯ ಸೆಕೆಂಡಿಗೆ ಮುಂದೆ ಸರಿಸಿದರೆ ಕಲಾವಿದರಿಗೆ ಏನೂ ಇಲ್ಲ. ಹೀಗಾಗಿ ಪೀಠಿಕೆ ಸಂಗೀತ ಕರಗಿತು, ಪಲ್ಲವಿಯ ಸೆಳೆತದ ಸಾಲು ಹಾಡಿನ ಬಾಗಿಲಿಗೇ ಬಂದು ನಿಂತಿತು. ಗೈಸ್‌ಬರ್ಗನ ಪ್ಲೇಟು ವಿಲಂಬಿತವನ್ನು ಕತ್ತರಿಸಿದಂತೆ ಈ ಲೆಕ್ಕ ಹಾಡಿನ ಆರಂಭದ ನಿಧಾನವನ್ನು ಕತ್ತರಿಸುತ್ತಿದೆ.

ಹಣದ ಹಂಚಿಕೆಯನ್ನು ನೋಡಿ. ತಿಂಗಳ ಚಂದಾ ಕಟ್ಟಿ ನೀವು ಬರೀ ವಚನ ಗಾಯನ ಕೇಳಿದರೂ ನಿಮ್ಮ ದುಡ್ಡು ನೇರವಾಗಿ ವಚನ ಹಾಡಿದವರಿಗೆ ಹೋಗುವುದಿಲ್ಲ. ಎಲ್ಲರ ಹಣ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುತ್ತದೆ. ದೊಡ್ಡ ಹಿಟ್‌ಗಳಿಗೆ ದೊಡ್ಡ ಪಾಲು. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವೂ ಕೇಳದ ಹಾಡಿಗೆ ಸ್ಪಾಟಿಫೈ ರೆಕಾರ್ಡಿಂಗ್ ಗೌರವಧನವನ್ನೇ ಕೊಡುತ್ತಿಲ್ಲ. ಇನ್ನೊಂದು ಏರ್ಪಾಡಿನಲ್ಲಿ, ತಮ್ಮ ಪಾಲು ಕಡಿಮೆಯಾದರೂ ಸರಿ ಎಂದು ಒಪ್ಪಿದವರ ಹಾಡನ್ನು ಆ್ಯಪ್ ಹೆಚ್ಚು ಜನರ ಮುಂದೆ ಇಡುತ್ತದೆ. ಇದನ್ನು ನೋಡಿದರೆ ಹಳೆಯ ಹಗರಣವೊಂದು ನೆನಪಾಗುತ್ತದೆ: ಅಮೆರಿಕದಲ್ಲಿ ಹಣ ಪಡೆದು ರೇಡಿಯೊದಲ್ಲಿ ಹಾಡು ಹಾಕುವ ಪೇಯೋಲಾ ಹಗರಣದ ಬಗ್ಗೆ 1959–60ರಲ್ಲಿ ಸಂಸತ್ತಿನ ವಿಚಾರಣೆಯೇ ನಡೆಯಿತು. ಇಂದಿನ ವ್ಯವಸ್ಥೆ ಕಾನೂನಿನ ಒಳಗೇ ಇದೆ, ಆದರೂ ಅದನ್ನು ನ್ಯಾಯದ ಏರ್ಪಾಡು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆ್ಯಪಿನ ಬಾಗಿಲಲ್ಲಿ ಕೂತಿರುವುದು ಬಹುಮಟ್ಟಿಗೆ ಎಣಿಕೆ. ಈಗಾಗಲೇ ಕೇಳಿದ್ದನ್ನು ಮತ್ತಷ್ಟು ಕೇಳಿಸುವುದು ಅದಕ್ಕೆ ಸುಲಭ. ಗದಗಿನ ಹುಡುಗನ ಕಿವಿಗೆ ಅವನಿಗೆ ಗೊತ್ತಿಲ್ಲದ್ದೊಂದು ಬಿದ್ದ ಹಾಗೆ ಬೀಳುವ ಸಂದರ್ಭ ಕಡಿಮೆ.

ಇದಕ್ಕಿಂತ ಅವಸರದ ವಿಷಯ ಇನ್ನೊಂದಿದೆ. ಕ್ಯಾಸೆಟ್ ಕಾಲದ ಸಣ್ಣ ಕಂಪನಿಗಳು ಮುಚ್ಚಿದವು. ಅವುಗಳ ಎಷ್ಟೋ ಸುರುಳಿಗಳು ಯಾವ ಆ್ಯಪಿಗೂ ಹೋಗಿಲ್ಲ. ಮಾಸ್ಟರ್ ಟೇಪ್ ಯಾರ ಬಳಿ, ಹಕ್ಕು ಯಾರದು ಎಂಬುದು ಇತ್ಯರ್ಥವಾಗಿಲ್ಲ. ಆ್ಯಪಿನಲ್ಲಿ ಇಲ್ಲದ್ದು ಹೊಸ ಕೇಳುಗರ ಪಾಲಿಗೆ ಹುಟ್ಟೇ ಇಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ತಾಳಮದ್ದಳೆಯದೋ ಹರಿಕಥೆಯದೋ ಊರ ಭಜನೆ ಮೇಳದ್ದೋ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಡಿಜಿಟಲ್ ಪ್ರತಿ ಮಾಡಿಸಿ, ಹೊದಿಕೆಯ ಎರಡೂ ಬದಿಯ ಫೋಟೊ ತೆಗೆದಿಡಿ, ಹಾಡಿದವರ, ಬರೆದವರ, ಪಕ್ಕವಾದ್ಯದವರ ಹೆಸರುಗಳನ್ನು ಜೊತೆಗೆ ಬರೆದಿಡಿ.