ಶಿಲುಬೆಯಿಲ್ಲದ ರಾಜನನ್ನು ಹುಡುಕಿಕೊಂಡು

ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿರುವ ಒಣಸೇತುವೆಯ ಕೆಳಗೆ ನೀರಿಲ್ಲ, ವಾಹನಗಳು ಓಡುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದನ್ನು ಕಟ್ಟಿದಾಗ ಅಡಿಯಲ್ಲಿ ಮ್ತ್ಕ್ವಾರಿ ನದಿಯ ಕವಲೊಂದು ಹರಿಯುತ್ತಿತ್ತು. 1930ರ ದಶಕದಲ್ಲಿ ಆ ಕವಲನ್ನು ಮುಚ್ಚಿ, ಆಚೆಗಿದ್ದ ನಡುಗಡ್ಡೆಯನ್ನು ದಡಕ್ಕೆ ಸೇರಿಸಿದರು. ಸೇತುವೆ ಮಾತ್ರ ಉಳಿಯಿತು. ಈಗ ಅದರ ಮೇಲೆ, ಪಕ್ಕದ ಪಾರ್ಕಿನ ಮರಗಳ ಕೆಳಗೆ, ಕಟ್ಟೆಗಳ ಮೇಲೆ, ನಿಂತ ಕಾರುಗಳ ಬಾನೆಟ್ಟಿನ ಮೇಲೆ ಕೂಡ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಶನಿವಾರ, ಭಾನುವಾರ ಬಂದರೆ ಸಂತೆ ತುಂಬಿರುತ್ತದೆ. ಮಳೆ ಬಂದರೆ ಏನೂ ಇಲ್ಲ.

ರುಸ್ತಾವೆಲಿ ರಸ್ತೆಯಿಂದ ನಡೆದೇ ಬನ್ನಿ. ದಾರಿಯಲ್ಲಿ ಕಮಾನುಗಳ ಸಾಲಿರುವ ದೊಡ್ಡ ಬಿಳಿ ಕಟ್ಟಡವೊಂದು ಸಿಗುತ್ತದೆ. ತ್ಸಾರ್ ದೊರೆಯ ಪ್ರತಿನಿಧಿ ವಾಸಿಸುತ್ತಿದ್ದ ಆ ಅರಮನೆ ಸೋವಿಯತ್ ಕಾಲದಲ್ಲಿ ಮಕ್ಕಳ ಪಯೋನಿಯರ್ ಭವನವಾಯಿತು. ಈ ಊರಿನಲ್ಲೇ 1929ರಲ್ಲಿ ಹುಟ್ಟಿದ ತಿಗ್ರಾನ್ ಪೆಟ್ರೋಸಿಯನ್ ಚದುರಂಗ ಕಲಿತದ್ದು ಪಯೋನಿಯರ್ ಭವನದಲ್ಲಿ, ಅರ್ಚಿಲ್ ಎಬ್ರಾಲಿದ್ಜೆ ಎಂಬ ಗುರುಗಳ ಕೈಕೆಳಗೆ. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹೊಟ್ಟೆಪಾಡಿಗೆ ಬೀದಿ ಗುಡಿಸಿದ ಆ ಹುಡುಗ 1963ರಲ್ಲಿ ವಿಶ್ವ ಚಾಂಪಿಯನ್ ಆದ. ಅಲ್ಲಿಂದ ಇಳಿಜಾರು ಹಿಡಿದರೆ ಸಂತೆ ದೂರವೇನಿಲ್ಲ.

ನಾನು ಹುಡುಕುತ್ತಿದ್ದದ್ದು ಸೋವಿಯತ್ ಕಾಲದ, 'ಗ್ರಾಂಡ್‌ಮಾಸ್ಟರ್' ಎಂದು ಹೆಸರಾದ ಮರದ ಸೆಟ್ಟು. ನಾವೆಲ್ಲ ಆಡುವ ಕಾಯಿಗಳು ಲಂಡನ್ನಿನ ಜೇಕ್ಸ್ ಕಂಪನಿ 1849ರಲ್ಲಿ ಮಾರುಕಟ್ಟೆಗೆ ತಂದ ಸ್ಟಾಂಟನ್ ವಿನ್ಯಾಸದ ಸಂತಾನ. ಅದರಲ್ಲಿ ರಾಜನ ತಲೆಯ ಮೇಲೆ ಶಿಲುಬೆ. ನಾವು ಒಂಟೆ ಎನ್ನುವ ಕಾಯಿ ಇಂಗ್ಲಿಷರಿಗೆ ಬಿಷಪ್ಪು. ಅದರ ಟೋಪಿಯಲ್ಲೊಂದು ಓರೆ ಸೀಳು. ಸೋವಿಯತ್ ಕಾಯಿಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ರಾಜನ ನೆತ್ತಿಯಲ್ಲಿ ಮೊನಚಾದ ಗುಬುಟು ಮಾತ್ರ. ಒಂಟೆಯ ತಲೆ ನುಣುಪು. ಕೆಲವು ಮಾದರಿಗಳಲ್ಲಿ ಕಪ್ಪು ಕಾಯಿಗೆ ಬಿಳಿ ಗುಬುಟು, ಬಿಳಿ ಕಾಯಿಗೆ ಕಪ್ಪು ಗುಬುಟು. ಎತ್ತರದ, ಸಪೂರ ಮೈಯ ಕಾಯಿಗಳ ಮೇಲೆ ಅದು ಬಹಳ ಚೆಂದ. ರಾಜ ನಾಲ್ಕು ಅಂಗುಲಕ್ಕೂ ತುಸು ಎತ್ತರ. ಆಡುವಾಗ ಉರುಳದಂತೆ ತಳದಲ್ಲಿ ಲೋಹದ ತೂಕ.

ಇವು ಶ್ರೀಮಂತರ ವಸ್ತುಗಳಲ್ಲ ಎಂಬುದೇ ನನ್ನನ್ನು ಇವುಗಳತ್ತ ಎಳೆದದ್ದು. 1924ರಲ್ಲಿ ಸೋವಿಯತ್ ಚೆಸ್ ಸಂಘಟನೆಯ ಚುಕ್ಕಾಣಿ ಹಿಡಿದ ನಿಕೊಲಾಯ್ ಕ್ರಿಲೆಂಕೊ, ಆಟವನ್ನು ಕಾಫಿಮನೆಗಳಿಂದ ಎತ್ತಿ ಕಾರ್ಖಾನೆ, ಸೈನ್ಯ, ಶಾಲೆಗಳಿಗೆ ತಂದ. 1938ರಲ್ಲಿ ಅವನದೇ ಸರ್ಕಾರ ಅವನನ್ನು ಗುಂಡಿಟ್ಟು ಕೊಂದಿತು; ಚದುರಂಗವನ್ನು ಮಾತ್ರ ಕೈಬಿಡಲಿಲ್ಲ. ಮನೆಮನೆಗೂ ಸೆಟ್ಟು ಬೇಕಾಯಿತು. ಕಾರ್ಖಾನೆಗಳು ಅಗ್ಗದ ಬರ್ಚ್ ಮರದಲ್ಲಿ ರಾಶಿ ರಾಶಿ ಕಡೆದವು. ಮೊರ್ದೋವಿಯಾ ಪ್ರಾಂತ್ಯದ ಶ್ರಮಶಿಬಿರಗಳಲ್ಲಿ ಕೈದಿಗಳು ಮಾಡಿದವು ಎನ್ನಲಾಗುವ ಸೆಟ್ಟುಗಳಿಗೆ ಸಂಗ್ರಾಹಕರಲ್ಲಿ ಈಗ ಬೇರೆಯೇ ಹೆಸರು, ಬೇರೆಯೇ ಬೆಲೆ. ಯಾರ ದುಡಿಮೆಗೆ ಯಾರು ಬೆಲೆ ಕಟ್ಟುತ್ತಿದ್ದೇವೆ ಎಂದು ಯೋಚಿಸಿದರೆ ಚೌಕಾಸಿಗೆ ಬಾಯಿ ಬರುವುದಿಲ್ಲ.

ಸಂತೆಯೊಳಗೆ ಹೊಕ್ಕರೆ ಮೊದಲು ಕಾಣುವುದು ಪದಕಗಳು. ಯುದ್ಧದವು, ದುಡಿಮೆಯವು, ಹೆಚ್ಚು ಮಕ್ಕಳನ್ನು ಹೆತ್ತ ತಾಯಂದಿರವು. ಆಮೇಲೆ ಜೆನಿತ್ ಕ್ಯಾಮೆರಾಗಳು, ಸಮೋವಾರ್‌ಗಳು, ಗ್ರಾಮಫೋನ್ ತಟ್ಟೆಗಳು, ದ್ರಾಕ್ಷಾರಸ ಕುಡಿಯುವ ಕೊಂಬುಗಳು, ಜೋಡಿ ತಪ್ಪಿದ ಚಮಚಗಳು. 1991ರ ಕೊನೆಗೆ ಸೋವಿಯತ್ ಒಕ್ಕೂಟ ಒಡೆದ ಹೊತ್ತಿಗೆ ರುಸ್ತಾವೆಲಿ ರಸ್ತೆಯಲ್ಲೇ ಗುಂಡಿನ ಕಾಳಗ ನಡೆದಿತ್ತು. ನಂತರದ ಚಳಿಗಾಲಗಳಲ್ಲಿ ಕರೆಂಟಿಲ್ಲ, ಸಂಬಳಕ್ಕೆ ಬೆಲೆಯಿಲ್ಲ. ಮೇಷ್ಟರುಗಳು, ಎಂಜಿನಿಯರುಗಳು ಮನೆಯ ಸಾಮಾನು ತಂದು ಇಲ್ಲಿ ಹರಡಿ ಕೂತರು. ಇಂದಿನ ಮಾರಾಟಗಾರರಲ್ಲಿ ಹೆಚ್ಚಿನವರು ಕಸುಬಿನವರೇ, ಹಳ್ಳಿ ಹಳ್ಳಿ ಸುತ್ತಿ ಮಾಲು ತರುತ್ತಾರೆ. ಆದರೂ ಅಲ್ಲಲ್ಲಿ, ಒಂದು ಬಟ್ಟೆಯ ಮೇಲೆ ನಾಲ್ಕೇ ನಾಲ್ಕು ಸಾಮಾನಿಟ್ಟು ಕೂತ ಅಜ್ಜಿಯರು ಕಾಣುತ್ತಾರೆ.

ನನ್ನ ಜೊತೆಗಿದ್ದದ್ದು ಇಲ್ಲಿ ಮೆಡಿಕಲ್ ಓದುತ್ತಿರುವ ದಾವಣಗೆರೆಯ ಹುಡುಗ. ಈ ಊರಿನಲ್ಲಿ ಹಾಗೆ ಓದುವ ಭಾರತದ ಮಕ್ಕಳು ಬಹಳ. ರಷ್ಯನ್ ಅರ್ಧ, ಜಾರ್ಜಿಯನ್ ಅರ್ಧ ಬೆರೆಸಿ ಸಂಭಾಳಿಸುತ್ತಾನೆ. "ಸಾರ್, ಇಷ್ಟ ಆಯ್ತು ಅಂತ ಮುಖದಲ್ಲಿ ತೋರಿಸ್ಬೇಡಿ, ಉಳಿದಿದ್ದು ನಾನು ನೋಡ್ಕೋತೀನಿ" ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದ.

ಚದುರಂಗದ ಸೆಟ್ಟುಗಳಿಗೇನೂ ಬರವಿಲ್ಲ. ಮಡಿಚುವ ಮಣೆಯೇ ಪೆಟ್ಟಿಗೆ, ಕಾಯಿಗಳು ಅದರೊಳಗೆ. ಪೆಟ್ಟಿಗೆ ಕೈಗೆ ಬಂದೊಡನೆ ನಾನು ಕಾಯಿ ನೋಡುವುದಿಲ್ಲ, ಒಳಮೈ ನೋಡುತ್ತೇನೆ. ಸರ್ಕಾರವೇ ಬೆಲೆ ಗೊತ್ತುಮಾಡುತ್ತಿದ್ದ ಕಾಲವಾದ್ದರಿಂದ ಕಾರ್ಖಾನೆಯ ಹೆಸರಿನ ಜೊತೆ ಬೆಲೆಯನ್ನೂ ಶಾಯಿಯ ಮುದ್ರೆಯಲ್ಲಿ ಒತ್ತಿರುತ್ತಿದ್ದರು: ಇಷ್ಟು ರೂಬಲ್, ಇಷ್ಟು ಕೊಪೆಕ್. ಕೆಲವದರಲ್ಲಿ ಮುದ್ರೆಯ ಪಕ್ಕ ಪೆನ್ನಿನ ಬರಹವೂ ಸಿಗುತ್ತದೆ, ಹುಟ್ಟುಹಬ್ಬಕ್ಕೋ ನಿವೃತ್ತಿಗೋ ಯಾರೋ ಯಾರಿಗೋ ಕೊಟ್ಟದ್ದು. ಮಾರುವವರಿಗೆ ಅದು ಕಲೆ, ಉಜ್ಜಿ ತೆಗೆಯಲು ನೋಡುತ್ತಾರೆ. ನನಗಾದರೆ ಅಂಥ ಪೆಟ್ಟಿಗೆಗೆ ಹತ್ತು ಲಾರಿ (ಇಲ್ಲಿಯ ನಾಣ್ಯದ ಹೆಸರು) ಹೆಚ್ಚು ಕೊಡಲೂ ಬೇಸರವಿಲ್ಲ.

ಆಮೇಲೆ ಕುದುರೆ. ಉಳಿದ ಕಾಯಿಗಳನ್ನು ಚರಕಿಯ ಮೇಲೆ ಕಡೆಯಬಹುದು, ಕುದುರೆಯ ತಲೆಗೆ ಉಳಿಯೇ ಬೇಕು. ಸಾವಿರಗಟ್ಟಲೆ ಮಾಡಬೇಕಾದ ಕಾರ್ಖಾನೆಯಲ್ಲಿ ಒಂದು ತಲೆಗೆ ಸಿಗುವುದು ಕೆಲವೇ ಪೆಟ್ಟು: ಕಿವಿಗೆರಡು, ಬಾಯಿಗೊಂದು, ಜೂಲಿಗೆ ನಾಲ್ಕು ಗೀರು. ಹೀಗಾಗಿ ನಿಜವಾದ ಸೋವಿಯತ್ ಕುದುರೆ ಸ್ವಲ್ಪ ಪೆದ್ದಾಗಿ ಕಾಣುತ್ತದೆ, ಒಂದೇ ಸೆಟ್ಟಿನ ನಾಲ್ಕು ಕುದುರೆಗಳ ಮುಖ ನಾಲ್ಕು ತರಹ. ನಾಲ್ಕೂ ಒಂದೇ ಅಚ್ಚಿನಂತೆ, ಹಲ್ಲು ಮೂಗಿನ ಹೊಳ್ಳೆಗಳೆಲ್ಲ ಸ್ಪಷ್ಟವಾಗಿ ಕೆತ್ತಿದ್ದರೆ ಅನುಮಾನ ಪಡಿ.

ಹಾಗೆ ಅನುಮಾನ ಹುಟ್ಟಿಸಿದ ಸೆಟ್ಟೊಂದು ಅಲ್ಲೇ ಸಿಕ್ಕಿತು. ಗಾಜಿನ ಪೆಟ್ಟಿಗೆಯೊಳಗೆ ಮಿರಿಮಿರಿ ಮಿಂಚುತ್ತಿತ್ತು. ಎತ್ತಿ ನೋಡಿದರೆ ಕೈ ಇಳಿಯುವಷ್ಟು ಭಾರ, ಬರ್ಚಿನಂತೆ ಸಾದಾ ಮರವಲ್ಲ, ಬಾಕ್ಸ್‌ವುಡ್ಡಿನ ಬೆಣ್ಣೆಬಣ್ಣ. ಹಳೆಯ ಸೋವಿಯತ್ ವಿನ್ಯಾಸಗಳ ಮರುಸೃಷ್ಟಿ ಇಂದು ಹೆಚ್ಚಾಗಿ ನಡೆಯುವುದು ನಮ್ಮ ಅಮೃತಸರದಲ್ಲಿ. ಅಲ್ಲಿ ಕುದುರೆಯ ತಲೆ ಕೆತ್ತುವುದೇ ಬೇರೆ ಕುಶಲಿಗಳ ಕೆಲಸ. ಆಡುವುದಕ್ಕೆ ಈ ಹೊಸದೇ ಮೇಲು ಎಂದು ನಾನು ಯಾವ ಸಂಕೋಚವಿಲ್ಲದೆ ಹೇಳುತ್ತೇನೆ. ಹಳೆಯದೆಂದು ಮಾರಿದರೆ ಮಾತ್ರ ತಕರಾರು. 2020ರಲ್ಲಿ 'ದಿ ಕ್ವೀನ್ಸ್ ಗ್ಯಾಂಬಿಟ್' ಸರಣಿ ಬಂದ ಮೇಲೆ ಜಗತ್ತಿನೆಲ್ಲೆಡೆ ಚದುರಂಗದ ಸೆಟ್ಟುಗಳ ಬೇಡಿಕೆ ಏರಿತು. ಅದೇ ಸರಣಿ, ತ್ಬಿಲಿಸಿಯ ಹೆಮ್ಮೆಯಾದ ನೋನಾ ಗಪ್ರಿಂದಾಶ್ವಿಲಿ ಗಂಡಸರೊಡನೆ ಆಡಿಯೇ ಇಲ್ಲ ಎಂದು ಸುಳ್ಳು ಹೇಳಿಸಿ ಮೊಕದ್ದಮೆ ಹಾಕಿಸಿಕೊಂಡಿತು. 1962ರಿಂದ 1978ರವರೆಗೆ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದಾಕೆ, ಗ್ರಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಮಹಿಳೆ. 1973ರಲ್ಲಿ ಕಟ್ಟಿದ ಇಲ್ಲಿನ ಚೆಸ್ ಭವನಕ್ಕೆ ಆಕೆಯದೇ ಹೆಸರು. ಸಂತೆ ಮುಗಿಸಿ ವೆರಾ ಪಾರ್ಕಿನ ಕಡೆ ಹೋದರೆ ನೋಡಬಹುದು.

ಪಾರ್ಕಿನ ಅಂಚಿನಲ್ಲಿ, ಬೆಂಚಿನ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡು ಮುದುಕನೊಬ್ಬ ಒಬ್ಬನೇ ಆಡುತ್ತಿದ್ದ. ರಾಜನ ನೆತ್ತಿಯಲ್ಲಿ ಮೊನಚು ಗುಬುಟು. ಬಿಳಿ ಕಾಯಿಗಳ ವಾರ್ನಿಶ್ ಜೇನಿನ ಬಣ್ಣಕ್ಕೆ ತಿರುಗಿತ್ತು. ಕಪ್ಪು ಕುದುರೆಯ ಕಿವಿ, ಮೂತಿಗಳಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು, ಬೆರಳು ಹಿಡಿಯುವ ಜಾಗದಲ್ಲಿ ಮಾತ್ರ. ನಕಲಿ ಮಾಡುವವರು ಸವೆತವನ್ನು ಎಲ್ಲೆಡೆ ಸಮನಾಗಿ ಉಜ್ಜುತ್ತಾರೆ. ನಿಜವಾಗಿ ಆಡಿದ ಕಾಯಿಯಾದರೋ ಈ ಕುದುರೆಯ ಹಾಗೆ ಸವೆಯುತ್ತದೆ. ತಳದ ಬಟ್ಟೆ ಅರ್ಧ ಹೋಗಿತ್ತು. ಎಣಿಸಿದರೆ 32 ಸರಿಯಿತ್ತು. ಆದರೆ ಒಂದು ಬಿಳಿ ಕಾಲಾಳು ಬೇರೆ ಸೆಟ್ಟಿನದು, ಉಳಿದವಕ್ಕಿಂತ ಗಿಡ್ಡ.

ನನ್ನ ಮುಖದಲ್ಲಿ ಎಲ್ಲವೂ ಕಂಡಿರಬೇಕು, ಹುಡುಗ ತಲೆ ಚಚ್ಚಿಕೊಂಡ. ಗಿಡ್ಡ ಕಾಲಾಳನ್ನು ತೋರಿಸಿ ಬೆಲೆ ಇಳಿಸಲು ನೋಡಿದ. ಮುದುಕ ಒಪ್ಪಲಿಲ್ಲ. ಮೂಲದ್ದು ಕಳೆದು ಬಹಳ ಕಾಲವಾಯಿತಂತೆ, ಇದೇ ಅದರ ಜಾಗದಲ್ಲಿ ಆಡುತ್ತಾ ಬಂದಿದೆಯಂತೆ, ಅದಕ್ಕೇಕೆ ಕಡಿತ? ಕೊನೆಗೆ ಒಂದು ಆಟ ಆಡೋಣ, ನೀವು ಗೆದ್ದರೆ ಕೇಳಿದ ಬೆಲೆಗೆ ಕೊಡುತ್ತೇನೆ ಎಂದ. ಮುದುಕನ ಒಂಟೆಗಳು ಉದ್ದುದ್ದ ಓರೆಸಾಲು ಹಿಡಿದು ಕೂತ ಮೇಲೆ ನನ್ನದೇನೂ ನಡೆಯಲಿಲ್ಲ, ಪೂರಾ ಬೆಲೆ ಕೊಟ್ಟೆ.

"ಅಮೃತಸರದಲ್ಲಿ ಅಳತೆ ಕೊಟ್ಟು ಇನ್ನೊಂದು ಕಾಲಾಳು ಮಾಡಿಸಿಬಿಡಿ ಸಾರ್" ಎಂದ ಹುಡುಗ. ಮಾಡಿಸಿದರೆ ಹೊಸದೇ ಎದ್ದು ಕಾಣುತ್ತದೆ. ಗಿಡ್ಡನನ್ನು ಮಂತ್ರಿಯ ಕಡೆಯ ಆನೆಯ ಮುಂದೆ ನಿಲ್ಲಿಸಿಕೊಳ್ಳುತ್ತೇನೆ, ನನ್ನ ಆಟಗಳಲ್ಲಿ ಅಲ್ಲಿಯ ಕಾಲಾಳಿಗೆ ಸಾಮಾನ್ಯವಾಗಿ ಕೆಲಸವೇ ಬರುವುದಿಲ್ಲ.