ಗಾಂಜಾ ಸೇದುವವರಿಗೆ ಬರುವ ವಾಂತಿ



ಗಾಂಜಾದಿಂದ ಹೊಟ್ಟೆ ತೊಳಸು ಶಮನವಾಗುವುದೆಂಬ ಮಾತಿನಲ್ಲಿ ಸತ್ಯಾಂಶ ಉಂಟು. ಆದರೆ ವರ್ಷಗಟ್ಟಲೆ, ಹೆಚ್ಚುಕಡಿಮೆ ಪ್ರತಿನಿತ್ಯ ಸೇದುವ ಕೆಲವರಲ್ಲಿ ಅದೇ ಗಾಂಜಾ ತಿರುಗಿ ಬೀಳುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆಯ ಒಂದು ದಿನದ ಪ್ರಸಾದದ ಮಾತಲ್ಲ ಇದು; ದಿನದಿನದ ಚಿಲುಮೆಯ ಮಾತು.

ಮೊದಲು ಬೆಳಗಿನ ಹೊತ್ತು ಓಕರಿಕೆ. ಬಳಿಕ ಹೊಟ್ಟೆನೋವು, ಗಂಟೆಗೆ ಹಲವು ಸಲ ವಾಂತಿ. ಕೆಲವು ದಿನಗಳಲ್ಲಿ ನಿಲ್ಲುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಮರಳುತ್ತದೆ. ಬಿಸಿನೀರು ಸುರಿದುಕೊಂಡಷ್ಟು ಹೊತ್ತು ಸಮಾಧಾನವಾಗುವುದು ಇದರ ವಿಚಿತ್ರ ಗುರುತು. 2004ರಲ್ಲಿ ಆಸ್ಟ್ರೇಲಿಯದ ವೈದ್ಯರು ಇದನ್ನು ವರ್ಣಿಸಿದರು. ನಮ್ಮಲ್ಲಾದರೋ ಭಾನಾಮತಿಯೆಂದು ನಿಂಬೆಹಣ್ಣು ಇಳಿಸುತ್ತ ಕೂಡುವವರು ಇನ್ನೂ ಇದ್ದಾರೆ!

ರಾಯಚೂರಿನ ಬೇಸಿಗೆಯಲ್ಲಿ ಹೀಗೆ ನೀರು ಕಳೆದುಕೊಂಡರೆ ಮೂತ್ರಪಿಂಡಕ್ಕೇ ಅಪಾಯ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ದೇವದುರ್ಗ ಅಥವಾ ಮಾನ್ವಿಯ ತಾಲೂಕು ಆಸ್ಪತ್ರೆಗೆ, ಇಲ್ಲವೇ ರಾಯಚೂರಿನ ರಿಮ್ಸ್‌ಗೆ ತಡಮಾಡದೆ ಹೋಗಿರಿ, 108ಕ್ಕೆ ಕರೆಮಾಡಿರಿ. ಗಾಂಜಾ ಸೇದುವ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬೇಡಿರಿ. 1985ರ ಕಾನೂನಿಗೆ ಅಂಜಿ ಮುಚ್ಚಿಟ್ಟರೆ ಸುಮ್ಮನೆ ಬೇರೆ ಬೇರೆ ಪರೀಕ್ಷೆಗಳಲ್ಲಿ ಹಣ ಹೋಗುತ್ತದೆ. ಅಲ್ಲಿ ರಕ್ತನಾಳದ ಮೂಲಕ ಸಲೈನ್ ಕೊಡುತ್ತಾರೆ. ಸಾಮಾನ್ಯ ವಾಂತಿ ಔಷಧ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಹ್ಯಾಲೋಪೆರಿಡಾಲ್ ಎಂಬ ಚುಚ್ಚುಮದ್ದು ಹಲವರಿಗೆ ಗುಣ ಕೊಟ್ಟಿದೆ. ಮೆಣಸಿನಕಾಯಿಯ ಖಾರದ ಸತ್ವವಿರುವ ಮುಲಾಮನ್ನು ಹೊಟ್ಟೆಗೆ ಹಚ್ಚುವುದೂ ಉಂಟು. ಹಾಗೆಂದು ಮನೆಯ ಖಾರಪುಡಿ ತಿಕ್ಕಿದರೆ ಚರ್ಮ ಸುಟ್ಟೀತು.

ಇವೆಲ್ಲ ತಾತ್ಕಾಲಿಕ. ಸೇದುವುದನ್ನು ಪೂರ್ತಿ ನಿಲ್ಲಿಸಿದರೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ವಾಂತಿ ಬಿಡುತ್ತದೆ. ಮತ್ತೆ ಹಿಡಿದರೆ ಮರಳುತ್ತದೆ. ಬಿಡಲು ನೆರವು ಬೇಕಾದವರು 14446ಕ್ಕೆ ಉಚಿತವಾಗಿ ಕರೆಮಾಡಬಹುದು.

ಹತ್ತಿಗೋ ಮೆಣಸಿಗೋ ಔಷಧ ಸಿಂಪಡಿಸಿದ ಬಳಿಕ ಬರುವ ವಾಂತಿ ಬೇರೆಯೇ. ಆಗ ಔಷಧದ ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಧಾವಿಸಿರಿ.