ಕಡಲತಡಿಯ ವಾನಪ್ರಸ್ಥ

ಥಾಯ್ಲೆಂಡಿನ ನಕ್ಷೆ ನೋಡಲು ಆನೆಯ ತಲೆಯ ಹಾಗಿದೆ. ಸೊಂಡಿಲು ಇಳಿಬಿದ್ದಿರುವ ಜಾಗದಲ್ಲಿ, ಪಶ್ಚಿಮಕ್ಕೆ ಮ್ಯಾನ್ಮಾರ್ ಗಡಿಯ ಗುಡ್ಡಗಳು, ಪೂರ್ವಕ್ಕೆ ಥಾಯ್ ಕೊಲ್ಲಿ, ಇವೆರಡರ ಇಕ್ಕಟ್ಟಿನಲ್ಲಿ ಉದ್ದಕ್ಕೆ ಮಲಗಿದೆ ಪ್ರಚುವಾಪ್ ಖಿರಿ ಖಾನ್ ಪ್ರಾಂತ್ಯ. ತೀರಾ ಕಿರಿದಾದ ಕಡೆ ಗಡಿಯಿಂದ ಕಡಲಿಗೆ ಸುಮಾರು 12 ಕಿಲೋಮೀಟರ್ ಅಷ್ಟೇ. ಅನಾನಸ್ಸಿಗೂ ತೆಂಗಿಗೂ ಹೆಸರಾದ ಸೀಮೆ. ಅದರ ದಕ್ಷಿಣ ಭಾಗದಲ್ಲಿ ಬಾನ್ ಕ್ರೂಟ್ ಎಂಬ ಊರು. ಒಂದು ಸಣ್ಣ ರೈಲು ನಿಲ್ದಾಣ, ಗುಡ್ಡದ ಮೇಲೆ ಚಿನ್ನದ ಬಣ್ಣದ ಶಿಖರಗಳ ಬೌದ್ಧ ದೇವಾಲಯ, ಕಿಲೋಮೀಟರ್‌ಗಟ್ಟಲೆ ಮರಳ ದಂಡೆ, ಅದರ ಬೆನ್ನಿಗೇ ತೆಂಗಿನ ತೋಟ. ರಾತ್ರಿ ದೂರದಲ್ಲಿ ಬೊಂಡಾಸ ಹಿಡಿಯುವ ದೋಣಿಗಳ ಹಸಿರು ದೀಪ. ಕುಂದಾಪುರ, ಹೊನ್ನಾವರದ ಕಡೆಯವರನ್ನು ಕಣ್ಣು ಕಟ್ಟಿ ತಂದು ಇಳಿಸಿದರೆ ತಮ್ಮೂರೇ ಅಂದುಕೊಂಡಾರು. ಸೂರ್ಯ ಸಮುದ್ರದಲ್ಲಿ ಮುಳುಗದೆ ಸಮುದ್ರದಿಂದ ಮೇಲೇಳುವುದನ್ನು ಕಂಡಾಗಲಷ್ಟೇ ಅನುಮಾನ ಬರಬೇಕು.

ಇಂಥ ಊರುಗಳಲ್ಲಿ ಯುರೋಪಿನ ನಿವೃತ್ತರು ಬಂದು ನೆಲೆಸುವುದು ಹೊಸ ಸಂಗತಿಯಲ್ಲ. ಬ್ರಿಟಿಷರು, ಜರ್ಮನರು, ಸ್ವೀಡನ್, ನಾರ್ವೆಯವರು ಮೊದಲು ಬರುವುದು ಇದೇ ಪ್ರಾಂತ್ಯದ ಉತ್ತರದಲ್ಲಿರುವ ಹುವಾ ಹಿನ್ ಪಟ್ಟಣಕ್ಕೆ. ಅಲ್ಲಿಯ ಗದ್ದಲ ಸಾಕೆನಿಸಿದವರು ರೈಲು ಹಳಿಯ ಗುಂಟ ದಕ್ಷಿಣಕ್ಕೆ ಸರಿಯುತ್ತಾರೆ. ಹುವಾ ಹಿನ್‌ಗೆ ಒಂದು ಸ್ವಾರಸ್ಯದ ಚರಿತ್ರೆಯಿದೆ. 1920ರ ದಶಕದಲ್ಲಿ ಥಾಯ್ ದೊರೆ ಏಳನೇ ರಾಮ, ಅಂದರೆ ಪ್ರಜಾಧಿಪಕ್, ಅಲ್ಲಿ ಬೇಸಿಗೆ ಅರಮನೆ ಕಟ್ಟಿಸಿದ. 1932ರಲ್ಲಿ ಬ್ಯಾಂಕಾಕಿನಲ್ಲಿ ಕ್ರಾಂತಿಯಾಗಿ ರಾಜಾಧಿಕಾರ ಕೈತಪ್ಪಿದಾಗಲೂ ಅವನಿದ್ದದ್ದು ಅದೇ ಊರಿನಲ್ಲಿ. 1935ರಲ್ಲಿ ಇಂಗ್ಲೆಂಡಿನಿಂದಲೇ ಸಿಂಹಾಸನ ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನು ಅಲ್ಲೇ ಕಳೆದ. ಥಾಯ್ ದೊರೆ ನಿವೃತ್ತನಾಗಿ ಇಂಗ್ಲೆಂಡಿನಲ್ಲಿ ಉಳಿದ; ಈಗ ಇಂಗ್ಲೆಂಡಿನ ನಿವೃತ್ತರು ಅವನ ಊರಿಗೆ ಬರುತ್ತಿದ್ದಾರೆ.

ಬರುವವರ ಲೆಕ್ಕ ಸರಳ. ತವರಿನಲ್ಲಿ ಚಳಿ, ಮನೆ ಬೆಚ್ಚಗಿಡುವ ಖರ್ಚು, ಪಿಂಚಣಿಯಲ್ಲಿ ತಿಂಗಳು ದೂಡುವ ಕಷ್ಟ. ಇಲ್ಲಿ ಅದೇ ಹಣಕ್ಕೆ ಕಡಲ ಬದಿಯ ಬಾಡಿಗೆ ಮನೆ, ಬೆಳಗಿನ ಸಂತೆಯ ತಾಜಾ ಮೀನು, ಸಂಜೆಗೆ ಸೈಕಲ್ ಸವಾರಿ. ನಮ್ಮ ಹಿರಿಯರು ಹೇಳುತ್ತಿದ್ದ ವಾನಪ್ರಸ್ಥಕ್ಕೆ ಇದು ಹತ್ತಿರದ್ದೇ. ಆದರೆ ಕಾಡಿಗೆ ಹೊರಟವರ ಬಳಿ ಯಾರೂ ಬ್ಯಾಂಕ್ ಪಾಸ್‌ಬುಕ್ ಕೇಳುತ್ತಿರಲಿಲ್ಲ.

ಥಾಯ್ ಸರ್ಕಾರ ಕೇಳುತ್ತದೆ. ನಿವೃತ್ತನೆಂದು ಅಲ್ಲಿ ಇರಬೇಕಾದರೆ 50 ವರ್ಷ ತುಂಬಿರಬೇಕು. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಅನುಮತಿ ಒಂದು ವರ್ಷಕ್ಕೆ ಮಾತ್ರ. ಪ್ರತಿ ವರ್ಷ 1,900 ಬಾತ್ ಕಟ್ಟಿ ಮುಂದುವರಿಸಿಕೊಳ್ಳಬೇಕು. 90 ದಿನಕ್ಕೊಮ್ಮೆ ‘ನಾನು ಇಂಥ ವಿಳಾಸದಲ್ಲೇ ಇದ್ದೇನೆ’ ಎಂದು ವಲಸೆ ಕಚೇರಿಗೆ ತಿಳಿಸಬೇಕು. ಮೊಮ್ಮಗಳ ಮದುವೆಗೆಂದು ಊರಿಗೆ ಹೊರಟಾಗ ಮರುಪ್ರವೇಶದ ಪರವಾನಗಿ ಮಾಡಿಸಿಕೊಳ್ಳಲು ಮರೆತರೆ ಇಡೀ ಅನುಮತಿಯೇ ರದ್ದು. ಸಂಬಳಕ್ಕೆ ದುಡಿಯುವಂತಿಲ್ಲ. ಇಪ್ಪತ್ತು ವರ್ಷ ಇದ್ದರೂ ಈ ಕ್ರಮ ಬದಲಾಗುವುದಿಲ್ಲ. ತೊಂಬತ್ತರ ಮುದುಕನೂ ಸರದಿಯಲ್ಲಿ ಚೀಟಿ ಹಿಡಿದು ಕೂರಬೇಕಾದವನೇ.

ನೆಲದ ವಿಚಾರಕ್ಕೆ ಬಂದರೆ ಇನ್ನೂ ಬಿಗಿ. 1954ರ ಭೂ ಸಂಹಿತೆಯ ಪ್ರಕಾರ ವಿದೇಶಿಯರು ಸಾಮಾನ್ಯವಾಗಿ ಜಮೀನಿನ ಒಡೆಯರಾಗುವಂತಿಲ್ಲ. ಕಟ್ಟಡ ನಿಮ್ಮ ಹೆಸರಿನಲ್ಲಿರಬಹುದು, ಅದು ನಿಂತ ನೆಲ ಬೇರೆಯವರದು. ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಒಟ್ಟು ಜಾಗದ ಶೇ 49ರಷ್ಟನ್ನು ವಿದೇಶಿಯರು ಕೊಳ್ಳಬಹುದು. ಹಳ್ಳಿಯಲ್ಲಿ ಅಂಥ ಸಮುಚ್ಚಯ ಎಲ್ಲಿಂದ ಬರಬೇಕು? ಹಾಗಾಗಿ ಉಳಿಯುವುದು 30 ವರ್ಷದ ಭೋಗ್ಯ, ಇಲ್ಲವೇ ಥಾಯ್ ಹೆಂಡತಿಯ ಹೆಸರಿನಲ್ಲಿ ಖರೀದಿ. ಎರಡನೆಯದರಲ್ಲಿ ಒಂದು ಷರತ್ತಿದೆ. ನೋಂದಣಿಯ ದಿನ ಭೂ ಕಚೇರಿಯಲ್ಲಿ ಗಂಡ ಒಂದು ಕಾಗದಕ್ಕೆ ಸಹಿ ಹಾಕಬೇಕು: ಈ ಹಣ ಹೆಂಡತಿಯದೇ, ಇದರಲ್ಲಿ ನನಗೆ ಹಕ್ಕಿಲ್ಲ ಎಂದು. ನಲವತ್ತು ವರ್ಷ ದುಡಿದ ಗಂಟನ್ನು ಹೀಗೆ ಸಹಿ ಹಾಕಿ ಬಿಟ್ಟುಕೊಡುವವರು ಬೇಕಾದಷ್ಟಿದ್ದಾರೆ. ಹೆಚ್ಚಿನವರ ಸಂಸಾರ ಚೆನ್ನಾಗಿಯೇ ಸಾಗೀತು. ಕೆಟ್ಟಾಗ ಮಾತ್ರ ಗಂಡನ ಪಾಲಿಗೆ ಉಳಿಯುವುದು ಬಟ್ಟೆಯ ಪೆಟ್ಟಿಗೆ. ಬೇನಾಮಿ ಕಂಪನಿ ಕಟ್ಟಿ ಜಮೀನು ಕೊಳ್ಳುವ ದಾರಿಯನ್ನು ದಲ್ಲಾಳಿಗಳು ತೋರಿಸುತ್ತಾರೆ, ಅದು ಕಾನೂನುಬಾಹಿರ.

ನನ್ನ ಮಟ್ಟಿಗೆ ಈ ಕಾನೂನಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಪೌಂಡು, ಯೂರೋ ಹಿಡಿದು ಬಂದವರ ಜೊತೆ ಹರಾಜಿಗೆ ನಿಂತರೆ ಬಾನ್ ಕ್ರೂಟಿನ ಮೀನುಗಾರ ತನ್ನ ದಂಡೆಯಲ್ಲೇ ಬಾಡಿಗೆದಾರನಾಗುತ್ತಿದ್ದ. ಅತಿಥಿ ಅತಿಥಿಯಾಗಿಯೇ ಇರುವುದರಿಂದಲೇ ಊರು ಊರಾಗಿ ಉಳಿದಿದೆ.

ಆ ಊರಿನ ನಿಶ್ಶಬ್ದದ ಹಿಂದೆಯೂ ಒಂದು ಕಥೆಯಿದೆ, ಪ್ರವಾಸಿ ಕೈಪಿಡಿಗಳು ಅದನ್ನು ಹೇಳುವುದು ಕಡಿಮೆ. 1990ರ ದಶಕದಲ್ಲಿ ಈ ಕರಾವಳಿಗೆ ಎರಡು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಮಂಜೂರಾದವು. ಬೋ ನೋಕ್‌ನಲ್ಲಿ 734 ಮೆಗಾವಾಟ್, ಬಾನ್ ಕ್ರೂಟ್ ಪಕ್ಕದ ಹಿನ್ ಕ್ರೂಟ್‌ನಲ್ಲಿ 1,400 ಮೆಗಾವಾಟ್. ಮೀನುಗಾರರು, ತೆಂಗು ಮತ್ತು ಅನಾನಸ್ ಬೆಳೆಗಾರರು, ಸಣ್ಣ ಅಂಗಡಿಯವರು ತಿರುಗಿ ನಿಂತರು. 1998ರ ಡಿಸೆಂಬರಿನಲ್ಲಿ ದಕ್ಷಿಣದ ಹೆದ್ದಾರಿಯನ್ನೇ ತಡೆದರು; ಪೊಲೀಸರ ಜೊತೆ ಘರ್ಷಣೆಯಾಯಿತು. 2002ರ ಜನವರಿಯಲ್ಲಿ ಪ್ರಧಾನಿ ಥಕ್ಸಿನ್ ಶಿನವತ್ರ ಖುದ್ದು ಬಂದು ಜನರ ಮಾತು ಕೇಳಬೇಕಾಯಿತು. ಕೊನೆಗೆ ಎರಡೂ ಯೋಜನೆಗಳು ನೈಸರ್ಗಿಕ ಅನಿಲದ ಸ್ಥಾವರಗಳಾಗಿ ಬೇರೆ ಪ್ರಾಂತ್ಯಗಳಿಗೆ ಹೋದವು. ಬೋ ನೋಕ್ ಹೋರಾಟದ ಮುಂದಾಳು ಚರೋನ್ ವಾಟ್‌ಅಕ್ಸೋರ್ನ್ ಅಲ್ಲಿಗೆ ಸುಮ್ಮನಾಗಲಿಲ್ಲ. ಊರಿನ ಸಾರ್ವಜನಿಕ ಜಮೀನಿನ ಕಬಳಿಕೆಯ ಬೆನ್ನು ಹತ್ತಿದರು. 2004ರ ಜೂನ್ 21ರಂದು ಬ್ಯಾಂಕಾಕಿನಲ್ಲಿ ಆ ಬಗ್ಗೆ ಸಾಕ್ಷ್ಯ ಹೇಳಿ ಮರಳಿದ ರಾತ್ರಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ತದಡಿಯಲ್ಲಿ ಉಷ್ಣ ಸ್ಥಾವರ ಬೇಡವೆಂದು ಅಘನಾಶಿನಿಯ ದಂಡೆಯವರು ನಡೆಸಿದ ಹೋರಾಟವನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇಂದು ನಿವೃತ್ತರು ಆರಾಮಕುರ್ಚಿ ಹಾಕಿಕೊಂಡು ಸವಿಯುವ ಶಾಂತಿ, ಊರಿನವರು ಜಗಳವಾಡಿ ಉಳಿಸಿಕೊಂಡದ್ದು.

ಇನ್ನು ಹಣದ ಮಾತು. ‘ಅಲ್ಲಿ ಅಗ್ಗ’ ಎಂಬ ಮಾತು ಒಂದು ದಿನದ ಮಟ್ಟಿಗೆ ನಿಜ, ಇಪ್ಪತ್ತು ವರ್ಷದ ಮಟ್ಟಿಗೆ ಅಲ್ಲ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಅಮೆರಿಕ, ಫಿಲಿಪ್ಪೀನ್ಸ್‌ನಂಥ ಕೆಲವು ದೇಶಗಳಲ್ಲಿ ನೆಲೆಸಿದವರಿಗೆ ವರ್ಷ ವರ್ಷ ಏರುತ್ತದೆ. ಥಾಯ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ಭಾರತದಲ್ಲಿ ನೆಲೆಸಿದವರಿಗೆ ಏರುವುದಿಲ್ಲ. 2010ರಲ್ಲಿ ನಿವೃತ್ತನಾಗಿ ಆಗಲೇ ಥಾಯ್ಲೆಂಡ್ ಸೇರಿದವನಿಗೆ ಪೂರ್ಣ ಮೂಲ ಪಿಂಚಣಿ ವಾರಕ್ಕೆ 97.65 ಪೌಂಡ್. ತವರಿನಲ್ಲೇ ಉಳಿದ ಅವನ ಗೆಳೆಯನಿಗೆ 2024ರಲ್ಲಿ ಅದು 169.50 ಪೌಂಡ್ ಆಗಿತ್ತು. ಇವನಿಗೆ ಅದೇ 97.65. ಅದರ ಮೇಲೆ ವಿನಿಮಯದ ಪೆಟ್ಟು. 2000ರ ದಶಕದ ನಡುವಿನಲ್ಲಿ ಪೌಂಡಿಗೆ 70 ಬಾತ್ ಆಸುಪಾಸು ಸಿಗುತ್ತಿತ್ತು, 2019ರ ಹೊತ್ತಿಗೆ 40ರ ಆಸುಪಾಸಿಗೆ ಇಳಿಯಿತು. 2024ರಿಂದ, ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರಗಿನಿಂದ ತರಿಸಿಕೊಳ್ಳುವ ವರಮಾನವೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಸಂತೆಯಲ್ಲಿ ಮೀನು ಅಗ್ಗವಾಗಿಯೇ ಇದೆ, ಕೊಳ್ಳುವವನ ಜೇಬು ಸಣ್ಣದಾಗುತ್ತ ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ದೇಹ. ಮುಪ್ಪಿನಲ್ಲೂ ಎರಡು ಬಗೆ: ನಡೆದಾಡುವ ಮುಪ್ಪು, ಮಲಗಿದ ಮುಪ್ಪು. ಕಡಲತಡಿಯ ಹಳ್ಳಿ ಮೊದಲನೆಯದಕ್ಕೆ ಹೇಳಿ ಮಾಡಿಸಿದ ಜಾಗ, ಎರಡನೆಯದಕ್ಕೆ ಅಲ್ಲ. ಥಾಯ್ಲೆಂಡ್ 2001–02ರಲ್ಲಿ ತಂದ ‘30 ಬಾತ್’ ಆರೋಗ್ಯ ಯೋಜನೆ ಜಗತ್ತೇ ಮೆಚ್ಚಿದ್ದು, ಆದರೆ ಅದು ಥಾಯ್ ನಾಗರಿಕರಿಗೆ. ಅಮೆರಿಕದ ಮೆಡಿಕೇರ್ ವಿದೇಶದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಎಪ್ಪತ್ತು ದಾಟಿದವರಿಗೆ ಖಾಸಗಿ ವಿಮೆಯ ಕಂತು ಎಟುಕದಷ್ಟು ಏರುತ್ತದೆ. ಹಳೆಯ ಕಾಯಿಲೆಗಳನ್ನು ವಿಮೆಯವರು ಹೊರಗಿಡುತ್ತಾರೆ. ದೊಡ್ಡ ಖಾಸಗಿ ಆಸ್ಪತ್ರೆಗಳಿರುವ ಹುವಾ ಹಿನ್ ಬಾನ್ ಕ್ರೂಟಿನಿಂದ ಸುಮಾರು 150 ಕಿಲೋಮೀಟರ್. ಹೃದಯಾಘಾತ ಅಷ್ಟು ದೂರ ಕಾಯುವುದಿಲ್ಲ. ಜೊತೆಗೆ ಭಾಷೆ. ಸಂತೆಯಲ್ಲಿ ಬೆರಳು ತೋರಿಸಿ ಬದುಕಬಹುದು, ನರ್ಸಿಗೆ ನೋವು ಎಲ್ಲಿ, ಎಂಥದ್ದು ಎಂದು ಬೆರಳಿನಲ್ಲಿ ಹೇಳಲಾಗದು.

ನಮ್ಮವರಿಗೂ ಈ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕಿಗೆ ಸುಮಾರು ನಾಲ್ಕು ಗಂಟೆಯ ನೇರ ವಿಮಾನವಿದೆ. ಆದರೆ 65,000 ಬಾತ್ ಎಂದರೆ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. 8 ಲಕ್ಷ ಬಾತ್ ಎಂದರೆ ಇಪ್ಪತ್ತು ಲಕ್ಷದ ಮೇಲೆ. ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್, ಅದು ತೊಡಕಾಗದು. ಸಸ್ಯಾಹಾರಿಗಳಿಗೆ ತೊಡಕು ಬೇರೆ ಇದೆ. ಬರೀ ಸೊಪ್ಪಿನ ಪಲ್ಯಕ್ಕೂ ಅಲ್ಲಿ ಮೀನಿನ ರಸ ಬೀಳುತ್ತದೆ. ‘ಜೇ’ ಎಂದರೆ ಶುದ್ಧ ಸಸ್ಯಾಹಾರ. ಆ ಒಂದು ಪದ ಕಲಿತು ಹೋದರೆ ಹೊಟ್ಟೆ ತುಂಬೀತು.

ಹೋಗಬೇಡಿ ಎನ್ನುವುದಿಲ್ಲ. ಅರವತ್ತರಿಂದ ಎಪ್ಪತ್ತರವರೆಗಿನ ಹತ್ತು ವರ್ಷಕ್ಕೆ ಇಂಥ ಊರಿಗಿಂತ ಒಳ್ಳೆಯ ಜಾಗ ಸುಲಭಕ್ಕೆ ಸಿಗದು. ಹೋಗುವುದಾದರೆ ಜನವರಿಯ ಹಿತವಾದ ಬಿಸಿಲನ್ನು ನೋಡಿ ನಿರ್ಧರಿಸಬೇಡಿ, ಕೊಲ್ಲಿಯ ಕಡೆಗೆ ಮಳೆ ಸುರಿಯುವ ಅಕ್ಟೋಬರ್, ನವೆಂಬರಿನಲ್ಲೂ ಇದ್ದು ನೋಡಿ. 1989ರ ನವೆಂಬರಿನಲ್ಲಿ ಪಕ್ಕದ ಚುಂಫೋನ್ ಪ್ರಾಂತ್ಯಕ್ಕೆ ಅಪ್ಪಳಿಸಿ ನೂರಾರು ಜನರನ್ನು ಕೊಂದ ‘ಗೇ’ ಚಂಡಮಾರುತ ಬಂದದ್ದು ಇದೇ ಕೊಲ್ಲಿಯಿಂದ. ಬಾಡಿಗೆಗಿರಿ, ಮನೆ ಕಟ್ಟಿಸಬೇಡಿ. ಆಸ್ಪತ್ರೆಗೆಂದು ಇಟ್ಟ ಹಣವನ್ನು ಬೇರೆಯದಕ್ಕೆ ಮುಟ್ಟಬೇಡಿ. ಊರಿನಲ್ಲಿರುವ ನಿಮ್ಮ ಮನೆಯನ್ನಂತೂ ಮಾರಬೇಡಿ. ಎರಡನೆಯ ಮುಪ್ಪಿಗೆ ಅದು ಬೇಕಾಗುತ್ತದೆ.